ಕಣ್ಣೊಳಗಿನ ನೆಲುವು

ಕಳೆದ ವರ್ಷ ಆಷಾಢದ ಒಂದು ಮಧ್ಯಾಹ್ನ. ಮೋಡ ಕವಿದು ತರಗತಿಯಲ್ಲಿ ಬೆಳಕು ಸಾಲದಾಗಿತ್ತು. ಗದುಗಿನ ಭಾರತದ ಒಂದು ಷಟ್ಪದಿಯನ್ನು ಓದಿ ಅರ್ಥ ಹೇಳಬೇಕಾಗಿದ್ದ ನಾನು ಪುಸ್ತಕವನ್ನು ಎಂದಿನಂತೆ ಎದೆಯ ಮಟ್ಟಕ್ಕೆ ಹಿಡಿದೆ. ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡಂತೆ ಕಂಡವು. ಒತ್ತಕ್ಷರ ಎಲ್ಲಿ ಮುಗಿಯಿತು, ಕೆಳಗಿನ ಸಾಲು ಎಲ್ಲಿ ಮೊದಲಾಯಿತು ಎಂಬುದೇ ತಿಳಿಯಲಿಲ್ಲ. ಪುಸ್ತಕವನ್ನು ಸ್ವಲ್ಪ ದೂರ ಸರಿಸಿದೆ. ಇನ್ನೂ ಸ್ವಲ್ಪ ದೂರ ಸರಿಸಿದೆ. ತೋಳು ಪೂರ್ತಿ ಚಾಚಿಯಾದ ಮೇಲೂ ಕುಮಾರವ್ಯಾಸ ಒಲಿಯಲಿಲ್ಲ. ಆಗ ಹಿಂದಿನ ಬೆಂಚಿನಿಂದ ಒಂದು ದನಿ ಬಂತು: “ಸಾರ್, ತೋಳು ಸಾಲದಿದ್ದರೆ ಪುಸ್ತಕವನ್ನು ನಾನು ಇಲ್ಲಿ ಹಿಡಿದುಕೊಳ್ಳುತ್ತೇನೆ, ನೀವು ಅಲ್ಲಿಂದಲೇ ಓದಿ.” ತರಗತಿಯೆಲ್ಲ ನಕ್ಕಿತು. ನಗದೆ ನನಗೂ ಬೇರೆ ದಾರಿಯಿರಲಿಲ್ಲ.

ಆ ಸಂಜೆ ಕಣ್ಣಿನ ವೈದ್ಯನಾಗಿರುವ ನನ್ನ ಬಾಲ್ಯಸ್ನೇಹಿತನ ಬಳಿಗೆ ಹೋದೆ. ಅವನು ದೀಪ ಹಿಡಿದು ನೋಡಿ, ಮಸೂರಗಳನ್ನು ಹಾಕಿ ತೆಗೆದು, “ಏನೂ ಇಲ್ಲ ಮಾರಾಯ, ಚಾಳೀಸು ಬಂದಿದೆ” ಎಂದ. ಚಾಳೀಸು! ಹಿಂದಿ ಮರಾಠಿಗಳಲ್ಲಿ ನಲವತ್ತು ಎಂಬ ಬರಿಯ ಸಂಖ್ಯೆಯನ್ನು ಹೇಳುವ ಮಾತು ನಮ್ಮಲ್ಲಿಗೆ ಬಂದು ಕಣ್ಣಿನ ಒಂದು ತೊಂದರೆಗೆ ಹೆಸರಾಯಿತು. ಆಮೇಲೆ ಆ ತೊಂದರೆಗೆ ಹಾಕಿಕೊಳ್ಳುವ ಕನ್ನಡಕಕ್ಕೂ ಅದೇ ಹೆಸರಾಯಿತು. ವಯಸ್ಸನ್ನು ಮುಚ್ಚಿಡಲು ಬಯಸುವವರಿಗೆ ಇದಕ್ಕಿಂತ ನಿಷ್ಕರುಣವಾದ ಶಬ್ದ ಇನ್ನೊಂದಿಲ್ಲ.

ಸ್ನೇಹಿತ ಒಂದು ಕಾಗದದ ಮೇಲೆ ಕಣ್ಣಿನ ಚಿತ್ರ ಬರೆದ. ಮುಂದೆ ಗಡಿಯಾರದ ಗಾಜಿನಂಥ ಪಾರದರ್ಶಕ ಪಟಲ. ಅದರ ಹಿಂದೆ ನಡುವೆ ಪಾಪೆಯ ರಂಧ್ರವಿರುವ ಬಣ್ಣದ ತೆರೆ. ಅದಕ್ಕೂ ಹಿಂದೆ ಮಸೂರ. ಎಲ್ಲಕ್ಕೂ ಹಿಂದೆ, ಕಣ್ಣಿನ ಒಳಗೋಡೆಗೆ ಅಂಟಿಕೊಂಡು, ರೆಟಿನಾ ಎಂದು ವೈದ್ಯರು ಕರೆಯುವ ಅಕ್ಷಿಪಟ. ಇಷ್ಟು ಶಾಲೆಯಲ್ಲಿ ಓದಿದ್ದೇ. ಆದರೆ ಅವನು ಮಸೂರದ ಅಂಚಿನ ಸುತ್ತ ಗಾಡಿಚಕ್ರದ ಅರೆಕಾಲುಗಳ ಹಾಗೆ ಸಣ್ಣ ಸಣ್ಣ ಗೆರೆಗಳನ್ನು ಎಳೆಯತೊಡಗಿದ. “ಇವೇನು?” ಎಂದೆ. “ದಾರಗಳು. ಮಸೂರ ಯಾವುದರ ಮೇಲೂ ಕೂತಿಲ್ಲವಲ್ಲ, ಈ ನೂರಾರು ದಾರಗಳು ಸುತ್ತಲೂ ಹಿಡಿದು ನಿಲ್ಲಿಸಿವೆ” ಎಂದ. ನನಗೆ ಅಜ್ಜಿಯ ಮನೆಯ ಅಡಿಗೆಕೋಣೆಯ ನೆಲುವು ನೆನಪಾಯಿತು. ತೊಲೆಯಿಂದ ಇಳಿಬಿಟ್ಟ ಹಗ್ಗದ ಬಲೆಯಲ್ಲಿ ಮೊಸರಿನ ಗಡಿಗೆ ಬೆಕ್ಕಿಗೂ ಇರುವೆಗೂ ಎಟುಕದೆ ತೂಗುತ್ತಿರುತ್ತಿತ್ತು. ಬೆಣ್ಣೆಕೃಷ್ಣನ ಕಥೆ ಕೇಳಿದವರಿಗೆಲ್ಲ ಗೊತ್ತಿರುವ ನೆಲುವು ಅದು. ಕಥೆಯಲ್ಲಿ ಗಡಿಗೆ ಬರುತ್ತದೆ, ಬೆಣ್ಣೆ ಬರುತ್ತದೆ, ಕಳ್ಳನೂ ಬರುತ್ತಾನೆ. ನೆಲುವಿನ ಹಗ್ಗವನ್ನು ಯಾರೂ ಹಾಡುವುದಿಲ್ಲ.

“ಈ ದಾರಗಳು ಮೊದಲು ಯಾರ ಕಣ್ಣಿಗೆ ಬಿದ್ದವು?” ಎಂದು ಕೇಳಿದೆ. “ಅದನ್ನೆಲ್ಲ ನಿನ್ನಂಥ ಮೇಷ್ಟರುಗಳು ಹುಡುಕಬೇಕಪ್ಪ” ಎಂದು ಅವನು ಮುಂದಿನ ರೋಗಿಯನ್ನು ಕರೆದ. ಹೀಗೆ ಹುಡುಕಲು ಹೊರಟಾಗ ಸಿಕ್ಕಿದ ಕಥೆಯೇ ಇದು.

*

ಮಸೂರ ಎಂಬ ಮಾತಿನಿಂದಲೇ ಮೊದಲು ಮಾಡಬಹುದು. ಮಸೂರವೆಂದರೆ ಚನ್ನಂಗಿ ಬೇಳೆ. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ‘ದೃಷ್ಟಿ’ ಎಂದು ಕರೆದಿರುವ ಕಣ್ಣಿನ ಭಾಗದ ಅಳತೆಯನ್ನು ಹೇಳುವಾಗ ಈ ಬೇಳೆಯನ್ನೇ ಹೋಲಿಕೆಯಾಗಿ ಕೊಟ್ಟಿದೆ. ಗ್ರೀಕರೂ ಕಣ್ಣೊಳಗಿನ ಈ ಗುಂಡನ್ನು ಇದೇ ಬೇಳೆಗೆ ಹೋಲಿಸಿದರು. ಲ್ಯಾಟಿನಿನ ‘ಲೆನ್ಸ್’ ಶಬ್ದಕ್ಕೂ ಮೂಲಾರ್ಥ ಬೇಳೆಯೇ. ಪೂರ್ವ ಪಶ್ಚಿಮಗಳ ಪಂಡಿತರು ಕಣ್ಣನ್ನು ನೋಡಿ ಅಡಿಗೆಮನೆಯ ಒಂದೇ ಡಬ್ಬಕ್ಕೆ ಕೈಹಾಕಿದ್ದು ಸೋಜಿಗವಲ್ಲವೆ?

ಆದರೆ ಈ ಬೇಳೆಗೆ ಅವರು ಕೊಟ್ಟ ಸ್ಥಾನ ಮಾತ್ರ ಬಲು ದೊಡ್ಡದು. ಕ್ರಿ.ಶ. ಎರಡನೆಯ ಶತಮಾನದ ಗ್ರೀಕ್ ವೈದ್ಯ ಗೇಲನ್ ನೋಟದ ಮುಖ್ಯ ಅಂಗವೇ ಮಸೂರ ಎಂದು ಸಾರಿದ. ಅವನ ಮತದಲ್ಲಿ ಕಣ್ಣಿನ ಉಳಿದ ಭಾಗಗಳೆಲ್ಲ ಅದಕ್ಕೆ ಊಳಿಗದವರು. ಅರಬ್ಬೀ ವೈದ್ಯರು ಈ ಮತವನ್ನು ಉಳಿಸಿ ಬೆಳೆಸಿದರು. ರಾಜನಿಗೆ ಸಭೆಯ ಮಧ್ಯದಲ್ಲಿ ಆಸನ ತಾನೆ? ಚಿತ್ರಗಳಲ್ಲಿ ಮಸೂರವನ್ನು ಕಣ್ಣುಗುಡ್ಡೆಯ ನಟ್ಟನಡುವೆ ಕೂರಿಸಿದರು. ನಮ್ಮ ಓಲೆಗರಿಗಳಲ್ಲಿ ಒಬ್ಬ ಲಿಪಿಕಾರ ಮಾಡಿದ ತಪ್ಪು ಮುಂದಿನವನಿಗೆ ಶುದ್ಧಪಾಠವಾಗಿಬಿಡುವುದುಂಟು. ಹಾಗೆಯೇ ಆ ಚಿತ್ರವೂ ಶತಮಾನದಿಂದ ಶತಮಾನಕ್ಕೆ ನಕಲಾಗುತ್ತ ಹೋಯಿತು. 1543ರಲ್ಲಿ ತನ್ನ ಮಹಾಗ್ರಂಥವನ್ನು ಅಚ್ಚುಹಾಕಿಸಿ ಗೇಲನ್ನನ ಎಷ್ಟೋ ತಪ್ಪುಗಳನ್ನು ತಿದ್ದಿದ ವೆಸಾಲಿಯಸ್ ಕೂಡ ಕಣ್ಣಿನ ವಿಷಯಕ್ಕೆ ಬಂದಾಗ ಮಸೂರವನ್ನು ಮಧ್ಯದಲ್ಲಿಯೇ ಬರೆದ. ಹೆಣಗಳನ್ನು ಸ್ವಂತ ಕೈಯಿಂದ ಕೊಯ್ದು ನೋಡಿದವನು ಅವನು. ಆದರೂ ಇಲ್ಲಿ ಓದಿದ್ದು ಕಂಡದ್ದನ್ನು ಗೆದ್ದಿತು.

ಸಿಂಹಾಸನ ಅಲುಗಾಡಿದ್ದು 1583ರಲ್ಲಿ. ಸ್ವಿಟ್ಜರ್‌ಲೆಂಡಿನ ಬಾಸೆಲ್ ಊರಿನ ಫೆಲಿಕ್ಸ್ ಪ್ಲಾಟರ್ ಎಂಬ ವೈದ್ಯ ಕಾಣುವ ಅಂಗ ಮಸೂರವಲ್ಲ, ಅಕ್ಷಿಪಟ ಎಂದು ಬರೆದ. ಮಸೂರ ಬೆಳಕನ್ನು ಅಕ್ಷಿಪಟಕ್ಕೆ ಮುಟ್ಟಿಸುವ ಗಾಜು ಮಾತ್ರ ಎಂದ. 1600ರಲ್ಲಿ ಪಾದುವದ ಫ್ಯಾಬ್ರಿಶಿಯಸ್ ಪ್ರಕಟಿಸಿದ ಚಿತ್ರದಲ್ಲಿ ಮಸೂರ ಮಧ್ಯವನ್ನು ಬಿಟ್ಟು ತನ್ನ ನಿಜವಾದ ಜಾಗಕ್ಕೆ, ಪಾಪೆಯ ಬೆನ್ನಿಗೆ, ಸರಿಯಿತು. 1604ರಲ್ಲಿ ಗ್ರಹಗಳ ಗತಿಯನ್ನು ಕಂಡುಹಿಡಿದ ಕೆಪ್ಲರನೇ ಕಣ್ಣಿನ ಲೆಕ್ಕವನ್ನೂ ಮಾಡಿ, ಅಕ್ಷಿಪಟದ ಮೇಲೆ ಲೋಕದ ಚಿತ್ರ ತಲೆಕೆಳಗಾಗಿ ಮೂಡುತ್ತದೆಂದು ತೋರಿಸಿದ.

ಮಸೂರ ರಾಜಪದವಿಯಿಂದ ಇಳಿದು ಕಿಟಕಿಯ ಗಾಜಾಯಿತು. ಅವಮಾನದಂತೆ ಕಂಡರೂ ಅದರಿಂದ ಒಂದು ಲಾಭವಾಯಿತು. ರಾಜನನ್ನು ಹಿಡಿದು ನಿಲ್ಲಿಸಿರುವುದು ಏನು ಎಂದು ಯಾರೂ ಕೇಳುವುದಿಲ್ಲ. ಗಾಜಾದರೆ ಅದಕ್ಕೊಂದು ಚೌಕಟ್ಟು ಬೇಕು, ಅದನ್ನು ಚೌಕಟ್ಟಿಗೆ ಬಿಗಿದಿರುವುದು ಏನು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ.

*

ಈ ಪ್ರಶ್ನೆಗೆ ಉತ್ತರ ಹುಡುಕುವ ಮುಂಚೆಯೇ, ಎರಡು ಸಾವಿರ ವರ್ಷಗಳ ಕಾಲ, ಆ ದಾರಗಳನ್ನು ಮನುಷ್ಯರು ಹರಿಯುತ್ತಲೇ ಇದ್ದರು. ಕಥೆಯ ವಿಪರೀತವಾದ ಭಾಗ ಇದು.

ಕಣ್ಣಿಗೆ ಪೊರೆ ಬರುವುದು ಹಳೆಯ ರೋಗ. ಅದಕ್ಕೆ ಸುಶ್ರುತ ಹೇಳಿದ ಚಿಕಿತ್ಸೆ ಎಂಥದು? ಜವೆಯ ಕಾಳಿನಂಥ ಮೊನೆಯಿರುವ ಶಲಾಕೆಯನ್ನು ಕಣ್ಣಿನ ಬಿಳಿಯ ಭಾಗದಿಂದ ಒಳಕ್ಕೆ ಹಾಯಿಸಿ ದೃಷ್ಟಿಗೆ ಅಡ್ಡವಾದದ್ದನ್ನು ದಾರಿಯಿಂದ ಸರಿಸಬೇಕು. ಆಮೇಲೆ ರೋಗಿ ಅಂಗಾತ ಮಲಗಿರಬೇಕು. ಸೀನಬಾರದು, ಕೆಮ್ಮಬಾರದು, ತೇಗಬಾರದು. ಈ ವಿದ್ಯೆ ಯುರೋಪಿನಲ್ಲಿಯೂ ಚೀನದಲ್ಲಿಯೂ ನಡೆಯುತ್ತಿತ್ತು. ಶಲಾಕೆಯ ತುದಿ ಏನನ್ನೋ ಒತ್ತುತ್ತದೆ. ಬಿಳುಪಾದದ್ದು ಕೆಳಗೆ ಮುಳುಗುತ್ತದೆ. ಕುರುಡ ಬೆಳಕು ಕಾಣುತ್ತಾನೆ. ಎಷ್ಟೋ ಕಣ್ಣುಗಳು ಆಮೇಲೆ ಕೀವಾಗಿ ಹಾಳಾದವು ಎಂಬುದೂ ನಿಜ.

ಹೀಗೆ ಮುಳುಗಿದ್ದು ಏನು? ಯುರೋಪಿನವರು ಅದನ್ನು ಮಸೂರದ ಮುಂದೆ ಇಳಿದು ಹೆಪ್ಪುಗಟ್ಟಿದ ನೀರು ಎಂದು ನಂಬಿದ್ದರು. ಅರಬ್ಬರೂ ಅದನ್ನು ನೀರೆಂದೇ ಕರೆಯುತ್ತಿದ್ದರು. ‘ಕ್ಯಾಟರ್ಯಾಕ್ಟ್’ ಎಂದರೆ ಜಲಪಾತ. ಕನ್ನಡದಲ್ಲಿ ನಾವು ‘ಪೊರೆ’ ಎನ್ನುತ್ತೇವೆ. ಹಾವಿನ ಪೊರೆ, ಈರುಳ್ಳಿಯ ಪೊರೆ ಎನ್ನುವಾಗಿನ ಪೊರೆಯೇ ಇದು. ಮೇಲೆ ಬೆಳೆದ ತೆಳುವಾದ ಹೊದಿಕೆ ಎಂದು ಅರ್ಥ. ಭಾಷೆ ಹಳೆಯ ತಪ್ಪುಗಳನ್ನು ಪಳೆಯುಳಿಕೆಯ ಹಾಗೆ ಕಾಪಾಡಿಕೊಂಡು ಬರುತ್ತದೆ. ಮಸೂರವೇ ನೋಡುವ ಅಂಗವಾಗಿದ್ದ ಪಕ್ಷದಲ್ಲಿ ಕೆಟ್ಟದ್ದು ಮಸೂರವೇ ಎನ್ನುವಂತಿರಲಿಲ್ಲ. ಅದನ್ನು ಮುಳುಗಿಸಿದ ಮೇಲೂ ಮನುಷ್ಯ ಕಾಣುತ್ತಾನಲ್ಲ! ಆದ್ದರಿಂದ ಮುಂದೆ ಒಂದು ಪೊರೆ ಇರಲೇಬೇಕಾಯಿತು.

1705ರಲ್ಲಿ ಮಿಷೆಲ್ ಬ್ರಿಸೋ ಎಂಬ ಫ್ರೆಂಚ್ ವೈದ್ಯ ಪೊರೆ ಬಂದಿದ್ದ ಒಬ್ಬ ಸೈನಿಕ ಸತ್ತಾಗ ಒಂದು ಉಪಾಯ ಮಾಡಿದ. ಹೆಣದ ಕಣ್ಣಿಗೆ ಬದುಕಿದವನಿಗೆ ಮಾಡುವಂತೆಯೇ ಶಲಾಕೆಯ ಚಿಕಿತ್ಸೆ ಮಾಡಿ, ಆಮೇಲೆ ಕಣ್ಣನ್ನು ಸೀಳಿ ನೋಡಿದ. ತಳದಲ್ಲಿ ಮುಳುಗಿ ಬಿದ್ದಿದ್ದದ್ದು ಪೊರೆಯಲ್ಲ. ಬಿಳಿಚಿಕೊಂಡ ಇಡೀ ಮಸೂರ. ಅವನಿಗಿಂತ ಮುಂಚೆ ಇದನ್ನು ಶಂಕಿಸಿದವರು ಇದ್ದರು. ಆದರೂ ಪ್ಯಾರಿಸಿನ ವಿದ್ವಜ್ಜನರು ಮೊದಲಿಗೆ ಅವನ ಮಾತನ್ನು ಒಪ್ಪಲಿಲ್ಲ. ಇನ್ನಷ್ಟು ಕಣ್ಣುಗಳನ್ನು ಸೀಳಿ ನೋಡಿದ ಮೇಲೆ ಒಪ್ಪಬೇಕಾಯಿತು.

ಮಸೂರ ಮುಳುಗಬೇಕಾದರೆ ಅದನ್ನು ಹಿಡಿದದ್ದೇನೋ ಹರಿದಿರಬೇಕಷ್ಟೆ? ಕಾಶಿಯಲ್ಲಿಯೋ ಅಲೆಗ್ಸಾಂಡ್ರಿಯದಲ್ಲಿಯೋ ಶಲಾಕೆ ಹಿಡಿದ ಪ್ರತಿಯೊಬ್ಬ ವೈದ್ಯನ ಬೆರಳಿಗೂ ಆ ದಾರಗಳು ಹರಿಯುವ ಸಣ್ಣ ಅಳುಕು ತಿಳಿದಿದ್ದಿರಬೇಕು. ಕೈಗೆ ತಿಳಿದದ್ದು ಪುಸ್ತಕಕ್ಕೆ ಬರಲು ಇನ್ನೂ ಐವತ್ತು ವರ್ಷ ಬೇಕಾಯಿತು.

*

ಅದನ್ನು ಪುಸ್ತಕಕ್ಕೆ ತಂದವನು ಯೋಹಾನ್ ಗಾಟ್‌ಫ್ರೀಡ್ ಝಿನ್ ಎಂಬ ಜರ್ಮನ್ ತರುಣ. 1727ರಲ್ಲಿ ಷ್ವಾಬಾಖ್ ಎಂಬ ಊರಿನಲ್ಲಿ ಹುಟ್ಟಿದ. ಆ ಕಾಲದ ಮಹಾಪಂಡಿತ ಹಾಲರನ ಶಿಷ್ಯನಾಗಿ 1753ರಲ್ಲಿ ಗಾಟಿಂಗೆನ್ ವಿಶ್ವವಿದ್ಯಾನಿಲಯದ ಸಸ್ಯೋದ್ಯಾನದ ಹೊಣೆ ಹೊತ್ತ. ಒಂದು ಕಡೆ ಗಿಡಮರಗಳ ಕೆಲಸ, ಇನ್ನೊಂದು ಕಡೆ ಶರೀರವಿಜ್ಞಾನ. 1755ರಲ್ಲಿ, ಇಪ್ಪತ್ತೇಳು ವರ್ಷದವನಾಗಿದ್ದಾಗ, ಮನುಷ್ಯನ ಕಣ್ಣಿನ ರಚನೆಯನ್ನು ಚಿತ್ರಸಮೇತ ವರ್ಣಿಸುವ ಲ್ಯಾಟಿನ್ ಗ್ರಂಥವೊಂದನ್ನು ಪ್ರಕಟಿಸಿದ. ಕಣ್ಣೊಂದನ್ನೇ ವಸ್ತುವಾಗಿಟ್ಟುಕೊಂಡು ಅಷ್ಟು ಕೂಲಂಕಷವಾಗಿ ಬರೆದ ಪುಸ್ತಕ ಅದಕ್ಕೆ ಮೊದಲು ಇರಲಿಲ್ಲವೆನ್ನಬಹುದು.

ಮಸೂರದ ಅಂಚನ್ನು ಕಣ್ಣಿನ ಗೋಡೆಗೆ ಸೇರಿಸುವ ಭಾಗವನ್ನು ಅವನು ಜಾಗರೂಕತೆಯಿಂದ ಬಿಡಿಸಿ ನೋಡಿ ‘ಜೋನ್ಯುಲ’ ಎಂದು ಹೆಸರಿಟ್ಟ. ಪುಟ್ಟ ನಡುಕಟ್ಟು ಎಂದು ಅದರ ಅರ್ಥ. ನಮ್ಮ ಮಾತಿನಲ್ಲಿ ಹೇಳುವುದಾದರೆ ಮಸೂರಕ್ಕೆ ತೊಡಿಸಿದ ಒಡ್ಯಾಣ. ಅವನಿಗೆ ಅದು ಪಟ್ಟಿಯ ಹಾಗೆ, ಒಂದು ತೆಳುಪೊರೆಯ ಹಾಗೆ ಕಂಡಿತು. ಅದು ಅಖಂಡ ಪೊರೆಯಲ್ಲ, ಬಿಡಿಬಿಡಿಯಾದ ಎಳೆಗಳ ಸಮೂಹ ಎಂಬುದು ಮುಂದೆ ಒಳ್ಳೆಯ ಸೂಕ್ಷ್ಮದರ್ಶಕಗಳು ಬಂದ ಮೇಲೆ ಖಚಿತವಾಯಿತು. ಆದರೂ ಇಂದಿಗೂ ವೈದ್ಯರು ಆ ದಾರಗಳನ್ನು ಕರೆಯುವುದು ಝಿನ್ನನ ಜೋನ್ಯುಲವೆಂದೇ.

ಝಿನ್ ಹೆಚ್ಚು ಕಾಲ ಬದುಕಲಿಲ್ಲ. 1759ರ ಏಪ್ರಿಲಿನಲ್ಲಿ, ಮೂವತ್ತೊಂದನೆಯ ವಯಸ್ಸಿನಲ್ಲಿ, ತೀರಿಕೊಂಡ. ಅದೇ ವರ್ಷ ಸ್ವೀಡನ್ನಿನ ಲಿನ್ನೇಯಸ್ ಅಮೆರಿಕ ಖಂಡದಿಂದ ಬಂದ ಒಂದು ಹೂವಿನ ಜಾತಿಗೆ ಅವನ ಹೆಸರನ್ನಿಟ್ಟ. ಮನೆಯ ಮುಂದಿನ ಕುಂಡದಲ್ಲಿ ಕೆಂಪು, ಹಳದಿ, ಗುಲಾಬಿ ಬಣ್ಣಗಳಲ್ಲಿ ಅರಳುವ ಝಿನ್ನಿಯ ಹೂವನ್ನು ನೋಡದ ವಾಚಕರು ಯಾರಿದ್ದಾರೆ? ಆ ಹೂವಿಗೂ ಅದನ್ನು ನೋಡುವ ಕಣ್ಣೊಳಗಿನ ದಾರಕ್ಕೂ ಒಬ್ಬನದೇ ಹೆಸರು ಎಂಬುದು ನನಗೂ ಈ ಹುಡುಕಾಟದ ತನಕ ತಿಳಿದಿರಲಿಲ್ಲ.

*

ದಾರ ಇದೆ ಎಂದಾಯಿತು. ಅದರ ಕೆಲಸ ಹಿಡಿದಿರುವುದಷ್ಟೆಯೆ?

ಇಲ್ಲಿ ಇನ್ನೊಂದು ಹಳೆಯ ಒಗಟು ಬಂದು ಸೇರಿಕೊಳ್ಳುತ್ತದೆ. ಎಳೆಯ ಕಣ್ಣು ದೂರದ ಬೆಟ್ಟವನ್ನೂ ಕೈಯಲ್ಲಿರುವ ಪುಸ್ತಕವನ್ನೂ ಸಮನಾಗಿ ಕಾಣುತ್ತದೆ. ಸ್ಥಿರವಾದ ಗಾಜಿಗೆ ಇದು ಸಾಧ್ಯವಿಲ್ಲ. ಕಣ್ಣಿನೊಳಗೆ ಏನೋ ಬದಲಾಗಬೇಕು. ಬದಲಾಗುವುದು ಯಾವುದು? ಕೆಪ್ಲರ್ ಮಸೂರಕ್ಕೂ ಅಕ್ಷಿಪಟಕ್ಕೂ ನಡುವಣ ದೂರ ಬದಲಾಗುತ್ತದೆ ಎಂದ. ಡೆಕಾರ್ಟ್ 1637ರಲ್ಲಿ ಮಸೂರದ ಆಕಾರವೇ ಬದಲಾಗುತ್ತದೆ, ಅದರ ಸುತ್ತಲಿನ ಎಳೆಗಳು ಸ್ನಾಯುರಜ್ಜುಗಳಂತೆ ಎಳೆದು ಅದನ್ನು ಬದಲಿಸುತ್ತವೆ ಎಂದು ಊಹಿಸಿದ. ಊಹೆ ಅದ್ಭುತ, ಪ್ರಮಾಣ ಮಾತ್ರ ಇರಲಿಲ್ಲ.

ಪ್ರಮಾಣವನ್ನು ತನ್ನ ಕಣ್ಣಿನ ಮೇಲೆಯೇ ಹುಡುಕಿದವನು ಇಂಗ್ಲೆಂಡಿನ ಥಾಮಸ್ ಯಂಗ್. 1793ರಲ್ಲಿ, ಇನ್ನೂ ಇಪ್ಪತ್ತು ತುಂಬದ ವೈದ್ಯವಿದ್ಯಾರ್ಥಿಯಾಗಿದ್ದಾಗಲೇ, ಮಸೂರ ಆಕಾರ ಬದಲಿಸುತ್ತದೆ ಎಂಬ ಲೇಖನವನ್ನು ರಾಯಲ್ ಸೊಸೈಟಿಯ ಮುಂದಿಟ್ಟ. ಮರುವರ್ಷವೇ ಎವರಾರ್ಡ್ ಹೋಮ್ ಎಂಬ ಪ್ರಸಿದ್ಧ ಶಸ್ತ್ರವೈದ್ಯ, ಮಸೂರವನ್ನು ತೆಗೆದುಹಾಕಿದವನೂ ಹತ್ತಿರಕ್ಕೂ ದೂರಕ್ಕೂ ಹೊಂದಿಕೊಳ್ಳಬಲ್ಲನೆಂದು ಸಾರಿದ. ಯಂಗ್ ತನ್ನ ಮತವನ್ನು ಹಿಂತೆಗೆದುಕೊಂಡ. ಹಿರಿಯರ ಮಾತಿಗೆ ತಲೆಬಾಗಿ ಸುಮ್ಮನಾಗಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ 1800ರಲ್ಲಿ ಅವನು ಮತ್ತೆ ಅದೇ ಸಭೆಯ ಮುಂದೆ ನಿಂತ. ಈ ಸಲ ಅವನ ಕೈಯಲ್ಲಿ ಪ್ರಯೋಗಗಳಿದ್ದವು.

ಕಣ್ಣಿನ ಮುಂಭಾಗದ ಪಾರದರ್ಶಕ ಪಟಲ ಬಾಗುತ್ತದೆಯೆ? ಒಂದು ಪುಟ್ಟ ನಳಿಗೆಗೆ ಮಸೂರ ಜೋಡಿಸಿ, ನೀರು ತುಂಬಿ, ತೆರೆದ ಕಣ್ಣಿಗೆ ಒತ್ತಿ ಹಿಡಿದ. ನೀರು ಸೋಕಿದರೆ ಆ ಪಟಲ ಬೆಳಕನ್ನು ಬಗ್ಗಿಸುವ ಶಕ್ತಿಯನ್ನು ಹೆಚ್ಚುಕಡಿಮೆ ಕಳೆದುಕೊಳ್ಳುತ್ತದೆ. ಆದರೂ ಅವನ ಕಣ್ಣು ಹತ್ತಿರಕ್ಕೂ ದೂರಕ್ಕೂ ಮೊದಲಿನಂತೆಯೇ ಹೊಂದಿಕೊಂಡಿತು. ಹಾಗಾದರೆ ಕಣ್ಣುಗುಡ್ಡೆ ಉದ್ದವಾಗುತ್ತದೆಯೆ? ಕಣ್ಣನ್ನು ಮೂಗಿನ ಕಡೆಗೆ ಹೊರಳಿಸಿ, ಗುಡ್ಡೆಯ ಮುಂದೆ ಒಂದು ಉಂಗುರವನ್ನೂ ಹಿಂದೆ ಒಂದು ಬೀಗದಕೈಯ ಬಳೆಯನ್ನೂ ಒತ್ತಿ ಹಿಡಿದು ನೋಡಿದ. ಉದ್ದವಾಗಿದ್ದರೆ ಒತ್ತಡದಿಂದ ಕಾಣುವ ಬೆಳಕಿನ ಚುಕ್ಕೆ ಹಿಗ್ಗಬೇಕಾಗಿತ್ತು, ಹಿಗ್ಗಲಿಲ್ಲ. ಪೊರೆಯ ಚಿಕಿತ್ಸೆಯಾಗಿ ಮಸೂರ ಕಳೆದುಕೊಂಡವರನ್ನು ಪರೀಕ್ಷಿಸಿದ. ಅವರಲ್ಲಿ ಹೊಂದಾಣಿಕೆಯ ಶಕ್ತಿ ಒಂದಿಷ್ಟೂ ಇರಲಿಲ್ಲ. ಉಳಿದದ್ದು ಮಸೂರ ಒಂದೇ. ಓದುವಾಗಲೇ ನಮ್ಮ ಕಣ್ಣಲ್ಲಿ ನೀರು ಬರಿಸುವ ಈ ಪ್ರಯೋಗಗಳನ್ನು ಅವನು ಎಷ್ಟು ತಣ್ಣಗೆ ಮಾಡಿದನೋ!

ಆದರೆ ಇಷ್ಟೆಲ್ಲ ಮಾಡಿದವನೂ ಕೊನೆಯ ಮೆಟ್ಟಿಲಲ್ಲಿ ಎಡವಿದ. ಮಸೂರವೇ ಒಂದು ಸ್ನಾಯು, ಅದೇ ತನ್ನನ್ನು ಉಬ್ಬಿಸಿಕೊಳ್ಳುತ್ತದೆ ಎಂದುಕೊಂಡ. ದಾರದ ಕಡೆಗೆ ಅವನ ಗಮನ ಹೋಗಲಿಲ್ಲ.

1823ರಲ್ಲಿ ಪುರ್ಕಿನ್ಯೆ ಎಂಬ ಚೆಕ್ ವಿಜ್ಞಾನಿ ಒಂದು ಸಣ್ಣ ವಿಷಯವನ್ನು ಗಮನಿಸಿದ. ಕತ್ತಲಕೋಣೆಯಲ್ಲಿ ಒಬ್ಬರ ಕಣ್ಣಿನ ಮುಂದೆ ಮೋಂಬತ್ತಿ ಹಿಡಿದರೆ ಆ ಕಣ್ಣಿನಲ್ಲಿ ಒಂದೇ ಜ್ವಾಲೆ ಹೊಳೆಯುವುದಿಲ್ಲ. ಮುಂದಿನ ಪಟಲದಿಂದ ಒಂದು, ಮಸೂರದ ಮುಂಬದಿಯಿಂದ ಒಂದು, ಹಿಂಬದಿಯಿಂದ ತಲೆಕೆಳಗಾದ ಇನ್ನೊಂದು ಮಸುಕಾಗಿ ತೋರುತ್ತವೆ. 1850ರ ಆಚೀಚೆ ಹಾಲೆಂಡಿನ ಕ್ರೇಮರ್ ಮತ್ತು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಬೇರೆಬೇರೆಯಾಗಿ ಈ ಜ್ವಾಲೆಗಳನ್ನು ಕಾದು ನೋಡಿದರು. ಮನುಷ್ಯ ದೂರದಿಂದ ಹತ್ತಿರಕ್ಕೆ ನೋಟ ಬದಲಿಸಿದ ಕೂಡಲೇ ಮಸೂರದ ಮುಂಬದಿಯ ಜ್ವಾಲೆ ಚಿಕ್ಕದಾಯಿತು. ಕನ್ನಡಿ ಹೆಚ್ಚು ಉಬ್ಬಿದರೆ ಬಿಂಬ ಚಿಕ್ಕದಾಗುತ್ತದೆ. ಆದ್ದರಿಂದ ಮಸೂರ ಉಬ್ಬಿತು. ಅಷ್ಟು ಹೊತ್ತಿಗೆ ಬ್ರೂಕೆ ಮತ್ತು ಬೋಮನ್ ಎಂಬಿಬ್ಬರು ದಾರಗಳ ಬುಡದಲ್ಲಿ, ಕಣ್ಣಿನ ಸುತ್ತ ಬಳೆಯಾಕಾರದಲ್ಲಿ, ಒಂದು ಸ್ನಾಯುವಿರುವುದನ್ನು ಕಂಡಿದ್ದರು. ಅದಕ್ಕೆ ಸಿಲಿಯರಿ ಸ್ನಾಯು ಎಂದು ಹೆಸರು.

ಸ್ನಾಯು ಇದೆ, ದಾರ ಇದೆ, ಮಸೂರ ಉಬ್ಬುತ್ತದೆ. ಎಲ್ಲರ ಬುದ್ಧಿಗೂ ಮೊದಲು ಹೊಳೆಯುವುದೇನು? ಸ್ನಾಯು ದಾರವನ್ನು ಎಳೆಯುತ್ತದೆ, ಅದರಿಂದ ಕೆಲಸ ನಡೆಯುತ್ತದೆ ಎಂದು. ಕೆಲಸವೆಂದರೆ ಎಳೆತ ಎಂದೇ ನಮ್ಮ ಭಾವನೆ. ಹೆಲ್ಮ್‌ಹೋಲ್ಟ್ಸನಿಗೆ ಮಾತ್ರ ಒಂದು ಅಳತೆ ಕಣ್ಣಿಗೆ ಬಿತ್ತು. ಹೆಣದ ಕಣ್ಣಿನಿಂದ ಹೊರತೆಗೆದ ಮಸೂರ, ಬದುಕಿದವನ ಕಣ್ಣಿನಲ್ಲಿ ದೂರ ನೋಡುತ್ತ ವಿಶ್ರಾಂತಿಯಲ್ಲಿರುವ ಮಸೂರಕ್ಕಿಂತ ದಪ್ಪವಾಗಿತ್ತು. ಎಂದರೆ, ಬಿಟ್ಟರೆ ಮಸೂರ ತಾನಾಗಿ ಉಬ್ಬುತ್ತದೆ. ಕಣ್ಣೊಳಗೆ ಅದನ್ನು ಯಾರೋ ಸದಾ ಎಳೆದು ಚಪ್ಪಟೆ ಮಾಡಿ ಹಿಡಿದಿದ್ದಾರೆ. ಹಿಡಿದಿರುವುದು ಝಿನ್ನನ ದಾರಗಳು. 1855ರಲ್ಲಿ ಅವನು ಬರೆದ ವಿವರಣೆ ಹೀಗಿದೆ: ದೂರ ನೋಡುವಾಗ ಸ್ನಾಯುವಿಗೆ ಬಿಡುವು, ದಾರಗಳು ಬಿಗಿ, ಮಸೂರ ಚಪ್ಪಟೆ. ಹತ್ತಿರ ನೋಡುವಾಗ ಬಳೆಯಂಥ ಸ್ನಾಯು ಸಂಕುಚಿಸಿ ಒಳಕ್ಕೆ ಕಿರಿದಾಗುತ್ತದೆ, ದಾರಗಳು ಸಡಿಲುತ್ತವೆ, ಮಸೂರ ತನ್ನ ಸಹಜವಾದ ಉಬ್ಬನ್ನು ಪಡೆಯುತ್ತದೆ.

ಹತ್ತಿರದ್ದನ್ನು ಕಾಣಬೇಕಾದರೆ ಹಿಡಿತ ಸಡಿಲಬೇಕು! ಎರಡು ಶತಮಾನಗಳ ಜಾಣರು ತಪ್ಪಿದ್ದು ಇದೊಂದು ತಿರುವಿನಲ್ಲಿ. ಹೆಲ್ಮ್‌ಹೋಲ್ಟ್ಸನೂ ಇದನ್ನು ಊಹೆಯೆಂದೇ ವಿನಯದಿಂದ ಮುಂದಿಟ್ಟ. ಚರ್ಚೆ ಆಮೇಲೂ ನಿಲ್ಲಲಿಲ್ಲ. ಶತಮಾನದ ಕೊನೆಯಲ್ಲಿ ಚರ್ನಿಂಗ್ ಎಂಬ ಡೇನಿಶ್ ವಿದ್ವಾಂಸ, ಹತ್ತಿರ ನೋಡುವಾಗ ದಾರ ಬಿಗಿಯಾಗುತ್ತದೆ ಎಂದು ವಾದಿಸಿದ. 1990ರ ದಶಕದಲ್ಲಿ ಅಂಥದೇ ವಾದ ಮತ್ತೆ ತಲೆಯೆತ್ತಿತು. ಆದರೆ ಮಂಗಗಳ ಕಣ್ಣುಗಳನ್ನು ನೇರವಾಗಿ ನೋಡಿದ ಪ್ರಯೋಗಗಳೂ ಎಂ.ಆರ್.ಐ. ಚಿತ್ರಗಳೂ ಬಹುಮಟ್ಟಿಗೆ ಹೆಲ್ಮ್‌ಹೋಲ್ಟ್ಸನ ಕಡೆಗೇ ಸಾಕ್ಷಿ ಹೇಳಿವೆ.

*

ದಾರದ ಕೆಲಸ ತಿಳಿದ ಮೇಲೂ ಶಸ್ತ್ರವೈದ್ಯರು ಅದಕ್ಕೆ ದಯೆ ತೋರಲಿಲ್ಲ. ಶಲಾಕೆಯ ಕಾಲ ಮುಗಿಯಲು ಕಾರಣನಾದವನು ಫ್ರಾನ್ಸಿನ ಝಾಕ್ ಡಾವಿಯೆಲ್. 1747ರಲ್ಲಿ ಅವನು ಮಸೂರವನ್ನು ಮುಳುಗಿಸುವ ಬದಲು ಅದರ ಚೀಲವನ್ನು ಸೀಳಿ ಒಳಗಿನದನ್ನು ಕಣ್ಣಿನಿಂದ ಹೊರಕ್ಕೇ ತೆಗೆದ. ಒಳಗೆ ಚೂರುಗಳು ಉಳಿದರೆ ಕಣ್ಣು ಮತ್ತೆ ಮಂಜಾಗುತ್ತದೆಂಬ ಭಯದಿಂದ ಮುಂದೆ ಕೆಲವರು ಚೀಲದ ಸಮೇತ ಇಡೀ ಮಸೂರವನ್ನೇ ತೆಗೆಯತೊಡಗಿದರು. ಇದಕ್ಕೆ ಹೆಸರಾದವನು ನಮ್ಮ ದೇಶದ ಪಂಜಾಬಿನ ಜಲಂಧರದಲ್ಲಿದ್ದ ಕರ್ನಲ್ ಹೆನ್ರಿ ಸ್ಮಿತ್. 20ನೆಯ ಶತಮಾನದ ಆರಂಭದಲ್ಲಿ ಅವನು ಹೊರಗಿನಿಂದ ಒತ್ತಿ, ದಾರಗಳನ್ನು ಹರಿಸಿ, ಮಸೂರವನ್ನು ಜಾರಿಸಿ ತೆಗೆಯುತ್ತಿದ್ದ. ಹೀಗೆ ಹತ್ತಾರು ಸಾವಿರ ಕಣ್ಣುಗಳಿಗೆ ಚಿಕಿತ್ಸೆ ಮಾಡಿದ. ಅದನ್ನು ಕಲಿಯಲು ಅಮೆರಿಕದಿಂದಲೂ ವೈದ್ಯರು ಬರುತ್ತಿದ್ದರು. 1957ರಲ್ಲಿ ಸ್ಪೇನಿನ ಹೊವಾಕಿನ್ ಬರಾಕೆರ್, ಮೇದೋಜೀರಕ ಗ್ರಂಥಿಯ ರಸವೊಂದು ಈ ದಾರಗಳನ್ನು ಕರಗಿಸಬಲ್ಲದೆಂದು ಕಂಡು, ಹರಿಯುವ ಬದಲು ಕರಗಿಸಿ ಮಸೂರ ತೆಗೆಯುವ ದಾರಿ ತೋರಿಸಿದ.

ಕರ್ನಾಟಕದಲ್ಲಿ ಡಾ. ಎಂ. ಸಿ. ಮೋದಿಯವರಂಥವರು ಊರೂರಿಗೆ ಹೋಗಿ ನಡೆಸಿದ ಕಣ್ಣಿನ ಶಿಬಿರಗಳನ್ನು ಹಿರಿಯರು ಇಂದಿಗೂ ಕೈಮುಗಿದು ನೆನೆಯುತ್ತಾರೆ. ನನ್ನ ಅಜ್ಜಿಗೂ 1980ರ ದಶಕದಲ್ಲಿ ತಾಲ್ಲೂಕು ಹೈಸ್ಕೂಲಿನ ಕೋಣೆಯಲ್ಲಿ ನಡೆದ ಇಂಥ ಒಂದು ಶಿಬಿರದಲ್ಲಿ ಕಣ್ಣು ಬಂತು. ಕಣ್ಣಿನ ಮೇಲೆ ಹಸಿರು ಪಟ್ಟಿ ಇಳಿಬಿಟ್ಟುಕೊಂಡು ಗಾಡಿಯಿಂದ ಇಳಿದದ್ದು ನೆನಪಿದೆ. ಕೆಲವು ವಾರಗಳ ಮೇಲೆ ಸೀಸೆಯ ತಳದಷ್ಟು ದಪ್ಪ ಗಾಜಿನ ಕನ್ನಡಕ ಬಂತು. ಅದರ ಮೂಲಕ ಎಲ್ಲವೂ ಇರುವುದಕ್ಕಿಂತ ದೊಡ್ಡದಾಗಿ, ಹತ್ತಿರದಲ್ಲಿ ಕಾಣುತ್ತಿತ್ತಂತೆ. ಲೋಟ ಇಲ್ಲಿದೆಯೆಂದು ಕಾಫಿ ಬಗ್ಗಿಸಿದರೆ ಅದು ನೆಲಕ್ಕೆ ಬೀಳುತ್ತಿತ್ತು. ನಾವು ಮಕ್ಕಳು ನಗುತ್ತಿದ್ದೆವು. ಅಜ್ಜಿ, “ನಗ್ರೋ, ನಗ್ರೋ, ನಿಮ್ಮ ಮುಖವಾದರೂ ಕಾಣ್ತಿದೆಯಲ್ಲ” ಎನ್ನುತ್ತಿದ್ದಳು. ಮಸೂರವನ್ನೂ ಅದರ ಚೀಲವನ್ನೂ ದಾರಗಳನ್ನೂ ಕಳೆದುಕೊಂಡ ಕಣ್ಣಿಗೆ ಅವುಗಳೆಲ್ಲದರ ಕೆಲಸವನ್ನು ಮೂಗಿನ ಮೇಲಿನ ಒಂದು ಗಾಜು ಮಾಡಬೇಕಾಗಿತ್ತೆಂದು ನನಗೆ ಅರ್ಥವಾದದ್ದು ಈಗ.

ಇಂದಿನ ಚಿಕಿತ್ಸೆ ಬೇರೆ. 1949ರಲ್ಲಿ ಲಂಡನ್ನಿನ ಹ್ಯಾರಲ್ಡ್ ರಿಡ್ಲೆ ಕಣ್ಣೊಳಗೆ ಕೃತಕ ಮಸೂರವನ್ನು ಇಟ್ಟ. ಯುದ್ಧವಿಮಾನದ ಕಿಟಕಿಯ ಪ್ಲಾಸ್ಟಿಕ್ ಚೂರುಗಳು ಪೈಲಟ್ಟುಗಳ ಕಣ್ಣಿನಲ್ಲಿ ಸಿಕ್ಕಿಕೊಂಡರೂ ಕಣ್ಣು ಅವನ್ನು ಸಹಿಸಿಕೊಂಡದ್ದು ಅವನಿಗೆ ಈ ಧೈರ್ಯ ಕೊಟ್ಟಿತ್ತು. 1967ರಲ್ಲಿ ಅಮೆರಿಕದ ಚಾರ್ಲ್ಸ್ ಕೆಲ್ಮನ್ ಮಸೂರವನ್ನು ಶ್ರವಣಾತೀತ ಧ್ವನಿಯಿಂದ ಪುಡಿಮಾಡಿ ಹೀರಿ ತೆಗೆಯುವುದನ್ನು ಕಲಿಸಿದ. ಈಗ ವೈದ್ಯರು ಮಸೂರದ ಚೀಲವನ್ನು ದಾರಗಳ ಸಮೇತ ಹಾಗೆಯೇ ಬಿಟ್ಟು, ಒಳಗಿನ ಮಂಜಾದದ್ದನ್ನಷ್ಟೆ ತೆಗೆದು, ಅದೇ ಚೀಲದೊಳಗೆ ಹೊಸ ಮಸೂರವನ್ನು ಇಡುತ್ತಾರೆ. ಗಡಿಗೆಯನ್ನು ನೆಲುವಿನಲ್ಲಿಯೇ ಬಿಟ್ಟು ಹುಳಿಯಾದ ಮೊಸರನ್ನು ಮಾತ್ರ ಬದಲಾಯಿಸಿದ ಹಾಗೆ. ದಾರ ಕೆಲವು ಕಡೆ ಶಿಥಿಲವಾಗಿದ್ದರೆ ಚೀಲದೊಳಗೆ ಒಂದು ಉಂಗುರವಿಟ್ಟು ಅದಕ್ಕೆ ಆಸರೆ ಕೊಡುತ್ತಾರೆ. ಹರಿಯುವುದರಿಂದ ಮೊದಲಾದ ವಿದ್ಯೆ ಕಾಪಾಡುವುದಕ್ಕೆ ಬಂದು ಮುಟ್ಟಿದೆ.

ಕಾಪಾಡಬೇಕಾದದ್ದು ಕಣ್ಣೊಂದನ್ನೇ ಅಲ್ಲ. 1896ರಲ್ಲಿ ಪ್ಯಾರಿಸಿನ ಆಂಟೊನಿ ಮಾರ್ಫಾನ್ ನೀಳವಾದ ಕೈಕಾಲು ಬೆರಳುಗಳಿದ್ದ ಐದು ವರ್ಷದ ಒಬ್ಬ ಹುಡುಗಿಯನ್ನು ವರ್ಣಿಸಿದ. ಮುಂದೆ ಅವನ ಹೆಸರಿನಿಂದಲೇ ಕರೆಯಲಾದ ಆ ಕಾಯಿಲೆಯವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಮಸೂರ ಜಾಗ ತಪ್ಪಿರುತ್ತದೆ. ಹೃದಯದಿಂದ ಹೊರಡುವ ಮಹಾಧಮನಿ ದುರ್ಬಲವಾಗಿ ಹಿಗ್ಗಿ ಒಡೆಯುವ ಅಪಾಯವೂ ಇರುತ್ತದೆ. ಕಣ್ಣಿಗೂ ಎದೆಗೂ ಏನು ಸಂಬಂಧ? 1986ರಲ್ಲಿ ಲಿನ್ ಸಕಾಯ್ ಮತ್ತು ಸಂಗಡಿಗರು ಫೈಬ್ರಿಲಿನ್ ಎಂಬ ಪ್ರೋಟೀನನ್ನು ಕಂಡುಹಿಡಿದರು. ಝಿನ್ನನ ದಾರಗಳು ಮುಖ್ಯವಾಗಿ ನೇಯಲ್ಪಟ್ಟಿರುವುದು ಅದರಿಂದಲೇ. ಮಹಾಧಮನಿಯ ಗೋಡೆಯಲ್ಲಿರುವುದೂ ಅದೇ. ಮಾರ್ಫಾನನ ಕಾಯಿಲೆಯಲ್ಲಿ ಕೆಟ್ಟಿರುವುದು ಅದರ ಜೀನ್ ಎಂಬುದು 1991ರಲ್ಲಿ ಖಚಿತವಾಯಿತು. ಎಳೆಯ ವಯಸ್ಸಿನವರ ಕಣ್ಣಿನಲ್ಲಿ ಸರಿದ ಮಸೂರವನ್ನು ಕಂಡ ವೈದ್ಯರು ಹೃದಯದ ಪರೀಕ್ಷೆಗೂ ಕಳಿಸುವುದು ಇದಕ್ಕಾಗಿ. ಕಣ್ಣೊಳಗಿನ ದಾರ ಹೇಳಿದ ಸುದ್ದಿಯಿಂದ ಪ್ರಾಣ ಉಳಿಯುವುದುಂಟು.

*

ಇಷ್ಟನ್ನೆಲ್ಲ ತಿಳಿದು ಮತ್ತೆ ಸ್ನೇಹಿತನ ಬಳಿಗೆ ಹೋದಾಗ ಕೇಳಿದೆ: “ಹಾಗಾದರೆ ನನ್ನ ದಾರಗಳು ಸವೆದಿವೆಯೋ?”

“ಇಲ್ಲವೋ. ನಿನ್ನ ಸ್ನಾಯು ಈಗಲೂ ಸಂಕುಚಿಸುತ್ತದೆ, ದಾರಗಳೂ ಸಡಿಲುತ್ತವೆ. ಮಸೂರವೇ ಗಟ್ಟಿಯಾಗಿದೆ. ಬಿಟ್ಟುಕೊಟ್ಟರೂ ಅದು ಉಬ್ಬಲಾರದು” ಎಂದ.

ಕೇಳಿ ಸುಮ್ಮನಾದೆ. ಹತ್ತು ವರ್ಷದ ಹುಡುಗ ಮೂಗಿನ ಹತ್ತಿರ, ನಾಲ್ಕು ಬೆರಳಗಲದಲ್ಲಿ ಹಿಡಿದ ಅಕ್ಷರವನ್ನೂ ಓದಬಲ್ಲ. ಅರುವತ್ತಕ್ಕೆ ಅದೇ ಅಂತರ ಮೂರಡಿಯ ಹತ್ತಿರಕ್ಕೆ ಹೋಗುತ್ತದೆ. ಪುಸ್ತಕವನ್ನು ದೂರ ದೂರ ಸರಿಸುತ್ತಿದ್ದ ಆ ಮಧ್ಯಾಹ್ನವೂ ನನ್ನ ಕಣ್ಣೊಳಗೆ ಆ ಪುಟ್ಟ ಬಳೆ ಪ್ರತಿ ಸಾಲಿಗೂ ಸಂಕುಚಿಸುತ್ತಿತ್ತು. ದಾರಗಳು ಪ್ರತಿ ಸಲವೂ ಸಡಿಲುತ್ತಿದ್ದವು. ಅವು ತಮ್ಮ ಕೆಲಸವನ್ನು ತಪ್ಪಿಸಿರಲಿಲ್ಲ.

ಕನ್ನಡಕ ಮರುವಾರ ಬಂತು. ಈಗ ತರಗತಿಯಲ್ಲಿ ಪುಸ್ತಕ ಮತ್ತೆ ಎದೆಯ ಮಟ್ಟದಲ್ಲಿದೆ. ಒತ್ತಕ್ಷರಗಳು ತಮ್ಮ ತಮ್ಮ ಜಾಗದಲ್ಲಿವೆ. ಹಿಂದಿನ ಬೆಂಚಿನ ಹುಡುಗ ಮಾತ್ರ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಅದರ ಮೇಲಿನಿಂದ ನಾನು ಅವನನ್ನು ನೋಡಿದಾಗಲೆಲ್ಲ ಈಗಲೂ ನಗುತ್ತಾನೆ. ನಗಲಿ. ಅವನಿಗೂ ನಲವತ್ತು ಆಗುತ್ತದೆ.